ಬಿಸಿ ಊಟದ ಡಬ್ಬಿ ದುಂಡಗೇ ಏಕೆ?

ಪ್ರಶ್ನೆ: ಕಚೇರಿಗೆ ಒಯ್ಯುವ ಬಿಸಿ ಊಟದ ಡಬ್ಬಿಗಳೆಲ್ಲ ಗುಂಡು ಹೊಟ್ಟೆಯವು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಪುಸ್ತಕದಂತೆ ಕೂರುವ ಚಪ್ಪಟೆ, ಅಂದದ ಡಬ್ಬಿಯನ್ನು ಯಾರೂ ಏಕೆ ಮಾಡುವುದಿಲ್ಲ?

ಉತ್ತರ: ಮಾಡುತ್ತಾರೆ. ಆದರೆ ಅವುಗಳಲ್ಲಿ ಊಟ ಬೇಗ ಆರಿಹೋಗುತ್ತದೆ. ಇದರಲ್ಲಿ ಗಾಳಿಯ ಕೈವಾಡವಿದೆ.

ಒಳ್ಳೆಯ ಬಿಸಿ ಡಬ್ಬಿ ಎಂದರೆ ಒಂದರೊಳಗೊಂದು ಇಟ್ಟು ಬಾಯಿಯ ಬಳಿ ಬೆಸೆದ ಎರಡು ಸ್ಟೀಲ್ ಪಾತ್ರೆಗಳು. ನಡುವಿನ ಸಂದಿಯಿಂದ ಗಾಳಿಯನ್ನು ಹೀರಿ ತೆಗೆದಿರುತ್ತಾರೆ; ಶಾಖವನ್ನು ಹೊತ್ತೊಯ್ಯಲು ಅಲ್ಲಿ ಏನೂ ಇರುವುದಿಲ್ಲ. 1892ರಲ್ಲಿ ಜೇಮ್ಸ್ ಡ್ಯೂವರ್ ಅತಿ ತಣ್ಣನೆಯ ದ್ರವಗಳನ್ನು ಕಾಪಾಡಲು ರೂಪಿಸಿದ ಫ್ಲಾಸ್ಕಿನ ತತ್ವವೇ ಇದು. ಸಂದಿಯಲ್ಲಿ ಗಾಳಿಯಿಲ್ಲ ಎಂದ ಮೇಲೆ ಹೊರಗಿನ ಗಾಳಿ ಸುಮ್ಮನಿದ್ದೀತೇ? ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು 1 ಕಿಲೋ ಭಾರ ಹೇರುತ್ತದೆ. 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಚಪ್ಪಟೆ ಮೈಗೆ ಅದು 300 ಕಿಲೋ! ತೆಳು ತಗಡು ಒಳಕ್ಕೆ ಬಾಗಿ ಇನ್ನೊಂದು ಗೋಡೆಯನ್ನು ಮುಟ್ಟಿತೆಂದರೆ ಶಾಖಕ್ಕೆ ಸೇತುವೆ ಕಟ್ಟಿಕೊಟ್ಟಂತೆ. ದುಂಡು ಮೈಯಾದರೆ ಕಮಾನಿನ ಹಾಗೆ ಭಾರವನ್ನು ಸುತ್ತಲೂ ಹಂಚಿಕೊಂಡು ನಿಲ್ಲುತ್ತದೆ.

ಹೀಗಾಗಿ ಚಪ್ಪಟೆ ಡಬ್ಬಿಗಳಿಗೆ ಸಾಮಾನ್ಯವಾಗಿ ಫೋಮ್ ತುಂಬುತ್ತಾರೆ. ಫೋಮ್ ನಿರ್ವಾತಕ್ಕೆ ಸಾಟಿಯಲ್ಲ. ದಪ್ಪ ಹೆಚ್ಚಿಸಿದರೆ ಚಪ್ಪಟೆತನವೇ ಹೋಯಿತು. ಲೆಕ್ಕ ಹಾಕಿ ನೋಡಿ. ಮೇಲಿನ ಅಳತೆಗೆ 2 ಸೆಂಟಿಮೀಟರ್ ಆಳ ಕೊಟ್ಟರೆ 600 ಮಿಲಿಲೀಟರ್ ಹಿಡಿಸುತ್ತದೆ, ಅದರ ಮೈ 740 ಚದರ ಸೆಂಟಿಮೀಟರ್. ಅಷ್ಟೇ ಹಿಡಿಸುವ, 8.5 ಸೆಂಟಿಮೀಟರ್ ವ್ಯಾಸದ ದುಂಡು ಡಬ್ಬಿಯ ಮೈ 400ನ್ನೂ ದಾಟುವುದಿಲ್ಲ. ಮೈ ಹರಡಿದಷ್ಟೂ ಬಿಸಿ ಕಳೆದುಹೋಗಲು ದಾರಿ ಹೆಚ್ಚು.

ಹಾಗೆಂದು ಅಂದಕ್ಕೆ ಜಾಗವಿಲ್ಲವೆಂದಲ್ಲ. ನನ್ನನ್ನು ಕೇಳಿದರೆ ಬಣ್ಣಕ್ಕಿಂತ ಮೊದಲು ಮುಚ್ಚಳವನ್ನು ತಿದ್ದಬೇಕು. ಊಟ ತುಂಬಿ ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿ: ಮೈ ತಣ್ಣಗಿದ್ದು ಮುಚ್ಚಳ ಮಾತ್ರ ಬೆಚ್ಚಗಿದ್ದರೆ ಬಿಸಿ ಸೋರುವುದು ಅಲ್ಲೇ. ಬೆರಳಗಲ ದಪ್ಪದ, ಫೋಮ್ ತುಂಬಿದ ಮುಚ್ಚಳ ನೋಡಲೂ ಗಂಭೀರವಾಗಿರುತ್ತದೆ. ಅದರ ನಡುವೆ ಒತ್ತಿದರೆ ಗಾಳಿ ಬಿಡುವ ಒಂದು ಗುಂಡಿಯಿರಲಿ. ಒಳಗಿನ ಹಬೆ ತಣಿದು ನೀರಾದಾಗ ಒತ್ತಡ ಕುಸಿದು ಮುಚ್ಚಳ ಕಚ್ಚಿಕೊಳ್ಳುತ್ತದೆ. ಒಮ್ಮೆ ನಾನು ಡಬ್ಬಿಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ತಿರುಚುತ್ತಿದ್ದುದನ್ನು ಇಡೀ ವಿಭಾಗವೇ ನೋಡಿತು. ಗ್ಯಾಸ್ಕೆಟ್ ಬಿಚ್ಚಿ ತೊಳೆಯುವಂತಿರಬೇಕು, ಇಲ್ಲವಾದರೆ ಎಷ್ಟು ಚೆಂದದ ಡಬ್ಬಿಯೂ ತಿಂಗಳೊಳಗೆ ನಾರುತ್ತದೆ. ಹೊರಮೈಗೆ ಹೊಳಪಿಲ್ಲದ ಪೌಡರ್ ಕೋಟಿಂಗ್ ವಾಸಿ, ಬೆರಳಚ್ಚು ಅಷ್ಟಾಗಿ ಕಾಣುವುದಿಲ್ಲ. ತಳಕ್ಕೊಂದು ಸಿಲಿಕೋನ್ ಬಳೆ ತೊಡಿಸಿದರೆ ಮೇಜಿನ ಮೇಲಿಟ್ಟಾಗ ಠಣ್ಣೆಂದು ಸದ್ದಾಗದು.

ಇನ್ನು ಬ್ಯಾಗಿನ ಮಾತು. ವ್ಯಾಸ ಇಳಿಸಿ ಎತ್ತರ ಏರಿಸಿದರೆ ಡಬ್ಬಿ ತೆಳ್ಳಗೆ ಕಾಣುತ್ತದೆ, ನಿಜ. ಚಮಚಕ್ಕಿಂತ ಆಳವಾದರೆ ಮಾತ್ರ ಕೊನೆಯ ತುತ್ತಿಗೆ ಕೈ ಹಾಕುವಾಗ ಬೆರಳ ಗೆಣ್ಣುಗಳಿಗೆಲ್ಲ ಊಟ ಮೆತ್ತಿಕೊಳ್ಳುತ್ತದೆ.