ಫಿಫ್ತ್ ವ್ಹೀಲ್ ಎಳೆಯೋಕೆ ಬೇರೆ ಟೇಲ್‌ಗೇಟ್ ಹಾಕಿಸಲೇಬೇಕಾ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನಲ್ಲಿ. 2500 ವರ್ಗದ (ಭಾರದ ಕೆಲಸದ) ಪಿಕಪ್ ಇದೆ, ಬೆಡ್, ಅಂದರೆ ಹಿಂದಿನ ಸಾಮಾನು ತೊಟ್ಟಿ, ಆರೂವರೆ ಅಡಿ. ಈ ವರ್ಷ ಫಿಫ್ತ್ ವ್ಹೀಲ್ ಟ್ರೇಲರ್ (ಬೆಡ್ ಒಳಗೆ ಸಿಕ್ಕಿಸಿ ಎಳೆಯುವ ಮನೆಗಾಡಿ) ತಗೊಳ್ಳುವ ಯೋಚನೆ. ಗಾಡಿ ಜೊತೆ ಬಂದ ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ತೆಗೆಸಿ, ನಡುವೆ ವಿ ಆಕಾರದಲ್ಲಿ ತಗ್ಗಿರುವ ಗೇಟ್ ಹಾಕಿಸು, ಮೈಲೇಜೂ ಜಾಸ್ತಿ ಬರುತ್ತೆ ಅಂತ ಸ್ನೇಹಿತರು ಹೇಳುತ್ತಾರೆ. ಹಾಕಿಸಲೇಬೇಕಾ?

ಉತ್ತರ: ಹಾಕಿಸಲೇಬೇಕು ಅಂತೇನಿಲ್ಲ. ರಜೆ ಬಂದಾಗ ವರ್ಷಕ್ಕೆ ನಾಲ್ಕಾರು ಸಲ ಟ್ರೇಲರ್ ಕಟ್ಟಿಕೊಂಡು ಹೋಗುವವರಿಗೆ ಇರುವ ಗೇಟೇ ಸಾಕು. ಟ್ರೇಲರ್ ಸಿಕ್ಕಿಸುವ ಹಿಚ್ಚನ್ನು ಬೆಡ್‌ನಿಂದ ಇಳಿಸದೆ ತಿಂಗಳುಗಟ್ಟಲೆ ಊರೂರು ತಿರುಗುವವರು, ಪದೇಪದೇ ಕಟ್ಟಿ ಬಿಚ್ಚುವವರು ವಿ ಗೇಟ್ ಹಾಕಿಸಿಕೊಳ್ಳಲಿ, ಉಪಯೋಗ ಇದೆ. ಬರೀ ಮೈಲೇಜಿಗೆ ಅಂತ ಮಾತ್ರ ದುಡ್ಡು ಹಾಕಬೇಡಿ.

ಊರಲ್ಲಿ ಕೂತು ಓದುತ್ತಿರುವವರಿಗಾಗಿ ಒಂದೆರಡು ಮಾತು. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಕಂಟೇನರ್ ಹೊತ್ತು ಹೋಗುವ ಉದ್ದನೆ ಟ್ರೇಲರ್ ಲಾರಿಗಳನ್ನು ನೋಡಿರುತ್ತೀರಿ. ಟ್ರೇಲರ್ ಅಡಿಯಿಂದ ಎರಡು ಇಂಚು ದಪ್ಪದ ಉಕ್ಕಿನ ಕಿಂಗ್‌ಪಿನ್ ಕೆಳಗೆ ಇಳಿದಿರುತ್ತದೆ. ಎಳೆಯುವ ಗಾಡಿಯ ಮೇಲಿನ ತಟ್ಟೆಯ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ಅಮೆರಿಕದ ಫಿಫ್ತ್ ವ್ಹೀಲ್ ಕ್ಯಾಂಪರ್‌ನಲ್ಲೂ ಇದೇ ವ್ಯವಸ್ಥೆ. ಆ ತಟ್ಟೆ, ಅಂದರೆ ಹಿಚ್, ಮಾತ್ರ ಪಿಕಪ್ಪಿನ ಬೆಡ್ ಒಳಗೆ, ಹಿಂದಿನ ಆಕ್ಸಲ್‌ನ ನೇರ ಮೇಲೆ ಅಥವಾ ಅದಕ್ಕಿಂತ ಒಂದೆರಡು ಇಂಚು ಮುಂದೆ ಕೂತಿರುತ್ತದೆ. ಲಾರಿಗೆ ಹಿಂಬಾಗಿಲಿನ ತೊಂದರೆ ಇಲ್ಲ, ಅಲ್ಲಿ ಬಾಗಿಲೇ ಇಲ್ಲವಲ್ಲ. ಪಿಕಪ್ಪಿಗೆ ಇದೆ. ಕಿಂಗ್‌ಪಿನ್ ಹಿಚ್ ತಲುಪಬೇಕಾದರೆ ಟೇಲ್‌ಗೇಟ್ ದಾಟಿಯೇ ಬರಬೇಕು.

ಹೆಚ್ಚು ಗೇಟುಗಳು ಹಾಳಾಗುವುದು ಕಟ್ಟುವಾಗಲ್ಲ, ಬಿಚ್ಚುವಾಗ. ಕಟ್ಟುವಾಗ ಗೇಟ್ ಮುಚ್ಚಿದ್ದರೆ ರಿವರ್ಸ್ ಬರುತ್ತಲೇ ಕನ್ನಡಿಯಲ್ಲಿ ಕಾಣುತ್ತದೆ, ಹಿಂದೆ ನಿಂತು ಕೈ ತೋರಿಸುವವರು ಕೂಗುತ್ತಾರೆ. ಬಿಚ್ಚುವ ಹೊತ್ತಿನ ಕತೆ ಬೇರೆ. ದಿನವಿಡೀ ಓಡಿಸಿ ಕ್ಯಾಂಪ್‌ಗ್ರೌಂಡ್ ತಲುಪಿದ್ದೀರಿ, ಕತ್ತಲಾಗುತ್ತಿದೆ. ಚಕ್ರಕ್ಕೆ ಅಡ್ಡೆ ಕೊಟ್ಟಿರಿ, ಟ್ರೇಲರಿನ ಕಾಲು ಇಳಿಸಿದಿರಿ, ವೈರು ಬಿಚ್ಚಿದಿರಿ, ಹಿಚ್ಚಿನ ಹಿಡಿ ಎಳೆದಿರಿ. ಎಲ್ಲ ಆಯ್ತು ಅಂತ ಹೋಗಿ ಸ್ಟೀರಿಂಗ್ ಹಿಂದೆ ಕೂತಿರಿ. ಗೇಟ್ ಮುಚ್ಚೇ ಇದೆ. ಗಾಡಿ ಮುಂದೆ ಹೋಗುತ್ತದೆ, ಕಿಂಗ್‌ಪಿನ್ನಿನ ದಪ್ಪ ಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಗೇಟ್ ಅದಕ್ಕೆ ಸಿಕ್ಕಿ ಹೊರಕ್ಕೆ ಬಾಗುತ್ತದೆ. ಈಗಿನ ಗೇಟಿನೊಳಗೆ ಕ್ಯಾಮೆರಾ, ಮೋಟಾರ್, ಲಾಕ್, ಸೆನ್ಸರ್ ಎಲ್ಲ ತುಂಬಿರುವುದರಿಂದ ಬದಲಿಸಲು ಸಾವಿರಗಟ್ಟಲೆ ಡಾಲರ್ ಆಗಬಹುದು.

ವಿ ಗೇಟ್ ತಪ್ಪಿಸುವುದು ಈ ಅನಾಹುತವನ್ನೇ. ನಡುವಿನ ತಗ್ಗಿನಲ್ಲಿ ಪಿನ್ ಸಲೀಸಾಗಿ ಹೋಗಿ ಬರುವುದರಿಂದ ಗೇಟ್ ಇಳಿಸುವ, ಏರಿಸುವ ಕೆಲಸವೇ ಇಲ್ಲ. ಆದರೆ ನೇರವಾಗಿ ಬರಬೇಕು. ಜಾಗ ಇಕ್ಕಟ್ಟಾಗಿ ಓರೆಯಲ್ಲಿ ಬಂದರೆ ಪಿನ್ ಪೆಟ್ಟಿಗೆ ತಗ್ಗಿನ ಅಂಚಿಗೆ ತಗುಲುತ್ತದೆ. ಟ್ರೇಲರ್ ಕಾಲನ್ನು ಸ್ವಲ್ಪ ಹೆಚ್ಚೇ ಇಳಿಸಿ ಪಿನ್ ಎತ್ತರ ಸರಿ ಮಾಡಿಕೊಂಡೇ ಕಟ್ಟುವವರಿಗೆ ಇದು ಹಿಡಿಸುತ್ತದೆ. ಆತುರದವರಿಗೆ ವಿ ಗೇಟಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕೊಳ್ಳುವವರು ಗಮನಿಸದ ಇನ್ನೊಂದು ವಿಷಯ ಇದೆ. ತಗ್ಗಿರುವುದು ನಡುವೆ ಮಾತ್ರ. ಗೇಟಿನ ಎರಡು ಮೂಲೆಗಳು ಬೆಡ್‌ನ ಪಕ್ಕದ ಗೋಡೆಯಷ್ಟೇ ಎತ್ತರ. ಟ್ರೇಲರಿನ ಮೂತಿ ಎಂಟಡಿ ಅಗಲ, ಬೆಡ್‌ನ ಎರಡೂ ಅಂಚಿನ ಮೇಲೆ ಚಾಚಿಕೊಂಡಿರುತ್ತದೆ. ಪೆಟ್ರೋಲ್ ಬಂಕಿನ ಇಳಿಜಾರಿನಿಂದ ರಸ್ತೆಗೆ ಹತ್ತುವಾಗಲೋ, ಕ್ಯಾಂಪ್‌ಗ್ರೌಂಡಿನ ಹಳ್ಳ ದಾಟುವಾಗಲೋ ಪಿಕಪ್ ಒಂದು ಕಡೆ ವಾಲುತ್ತದೆ, ಟ್ರೇಲರ್ ಇನ್ನೊಂದು ಕಡೆ. ಆಗ ಮೂತಿಯ ತಳ ಬಂದು ಬಡಿಯುವುದು ಬೆಡ್‌ನ ಅಂಚಿಗೆ, ಗೇಟಿನ ಮೂಲೆಗೆ. ಅದಕ್ಕೆ ವಿ ಗೇಟ್ ಏನೂ ಮಾಡಲಾರದು. ಬೆಡ್‌ನ ಅಂಚಿಗೂ ಮೂತಿಯ ತಳಕ್ಕೂ ನಡುವೆ ಐದೂವರೆಯಿಂದ ಆರು ಇಂಚು ಜಾಗ ಬೇಕು. ಸಮನೆಲದಲ್ಲಿ ಟ್ರೇಲರ್ ಕಟ್ಟಿ ನಿಲ್ಲಿಸಿ ಟೇಪು ಹಿಡಿದು ಅಳೆಯಿರಿ. ಕಮ್ಮಿ ಇದ್ದರೆ ಹಿಚ್ಚಿನ ಎತ್ತರ, ಪಿನ್ ಪೆಟ್ಟಿಗೆಯ ಎತ್ತರ ಸರಿಪಡಿಸಬೇಕು. ಈಗಿನ ಫೋರ್ ಬೈ ಫೋರ್ ಪಿಕಪ್ಪುಗಳ ಬೆಡ್ ಎದೆಮಟ್ಟಕ್ಕೆ ಬಂದಿರುವುದರಿಂದ ಈ ತಕರಾರು ಮೊದಲಿಗಿಂತ ಜಾಸ್ತಿ.

ನಿಮ್ಮದು ಆರೂವರೆ ಅಡಿ ಬೆಡ್. ಇದನ್ನು ಗೇಟಿಗಿಂತ ಮೊದಲು ಯೋಚಿಸಬೇಕು. ಎಂಟಡಿ ಅಗಲದ ಟ್ರೇಲರ್ ಅಂದರೆ ಪಿನ್ನಿನಿಂದ ಪಕ್ಕಕ್ಕೆ ನಾಲ್ಕಡಿ. ಚಿಕ್ಕ ಬೆಡ್‌ನಲ್ಲಿ ಆಕ್ಸಲ್‌ನಿಂದ ಕ್ಯಾಬಿನ್ ಹಿಂಗೋಡೆಗೆ ಸಾಮಾನ್ಯವಾಗಿ ಅಷ್ಟು ಜಾಗ ಇರುವುದಿಲ್ಲ. ರಿವರ್ಸ್‌ನಲ್ಲಿ ಜೋರಾಗಿ ತಿರುಗಿಸಿದರೆ ಟ್ರೇಲರಿನ ಮೂಲೆ ಹಿಂದಿನ ಗಾಜಿಗೆ ಬಂದು ಗುದ್ದಬಹುದು. ಅದಕ್ಕೇ ಚಿಕ್ಕ ಬೆಡ್‌ನವರು ಸ್ಲೈಡರ್ ಹಿಚ್ ಹಾಕಿಸುತ್ತಾರೆ. ತಿರುಗಿಸುವ ಮುಂಚೆ ಹಿಚ್ಚನ್ನು ಸುಮಾರು ಒಂದಡಿ ಹಿಂದಕ್ಕೆ ಸರಿಸಿಕೊಳ್ಳಬಹುದು. ಕೆಲವು ಹಿಚ್‌ಗಳು ತಾವಾಗಿಯೇ ಸರಿಯುತ್ತವೆ. ಈಗ ಗೇಟಿನ ವಿಚಾರಕ್ಕೆ ಬನ್ನಿ: ಹಿಚ್ ಹಿಂದೆ ಸರಿದಾಗ ಪಿನ್ ಪೆಟ್ಟಿಗೆ ಗೇಟಿಗೆ ಅಷ್ಟೇ ಹತ್ತಿರವಾಯಿತು. ಮಾಮೂಲಿ ಗೇಟ್ ಇಟ್ಟುಕೊಳ್ಳುವವರು ಹಿಚ್ ಪೂರ್ತಿ ಹಿಂದಿರುವಾಗ, ಗೇಟ್ ಮುಚ್ಚಿಟ್ಟು, ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ನೋಡಲೇಬೇಕು. ವಿ ಗೇಟ್ ನಿಜವಾಗಿ ದುಡ್ಡಿಗೆ ಬೆಲೆ ಕೊಡುವ ಜಾಗ ಇದು. ನಿಮ್ಮಂಥ ಬೆಡ್‌ಗೆ ಸ್ಲೈಡರ್ ಹಾಕಿಸಿ, ಜಾಗ ಕಮ್ಮಿ ಅನಿಸಿದರೆ ನಾನು ಹಾಕಿಸಿ ಅಂತಲೇ ಹೇಳುತ್ತೇನೆ.

ಮೈಲೇಜಿನ ಮಾತು ಹಳೇ ನಂಬಿಕೆ. ಮುಚ್ಚಿದ ಗೇಟ್ ಗಾಳಿಯನ್ನು ತಡೆದು ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ ಅಂತ ನೋಡಿದರೆ ಅನಿಸುವುದು ಸಹಜ. ಆದರೆ ಬೆಡ್ ಒಳಗೆ ಗಾಳಿ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ, ಮೇಲಿನ ಗಾಳಿ ಆ ಸುರುಳಿಯ ಮೇಲೆ ಜಾರಿ ಹೋಗುತ್ತದೆ. ಗೇಟ್ ಇಳಿಸಿಬಿಟ್ಟರೆ ಆ ಏರ್ಪಾಡು ಕೆಡುತ್ತದೆ. ಇದು ಖಾಲಿ ಗಾಡಿಯ ಲೆಕ್ಕ. ಫಿಫ್ತ್ ವ್ಹೀಲ್ ಕಟ್ಟಿದ ಮೇಲೆ ಹಿಂದೆ ಹನ್ನೆರಡು ಹದಿಮೂರು ಅಡಿ ಎತ್ತರದ ಗೋಡೆಯೇ ಗಾಳಿಗೆ ಎದೆ ಕೊಟ್ಟು ಬರುತ್ತಿರುತ್ತದೆ. ಅದರ ಮುಂದೆ ವಿ ಗೇಟಿನ ತಗ್ಗಿನಿಂದ ಉಳಿಯುವ ಡೀಸೆಲ್ ಎಷ್ಟಿರಬಹುದು, ನೀವೇ ಹೇಳಿ!

ವಿ ಗೇಟಿನ ಲಾಭ ಬೇರೆ ಕಡೆ ಇದೆ. ವಿ ಗೇಟುಗಳಲ್ಲೇ ಪಟ್ಟಿಪಟ್ಟಿಯಾಗಿ ಸಂದು ಬಿಟ್ಟು ಮಾಡಿದ ಲೂವರ್ ಗೇಟ್, ಮಿಷಿಗನ್‌ನ ಸ್ಟ್ರಾಂಬರ್ಗ್ ಕಾರ್ಲ್‌ಸನ್ ಮಾಡುವಂಥದ್ದು, ಟ್ರೇಲರ್ ಇಲ್ಲದಾಗ ಹಿಂದಿನ ರಸ್ತೆ ಸ್ವಲ್ಪ ಕಾಣುವಂತೆ ಮಾಡುತ್ತದೆ. ಮಾಮೂಲಿ ಗೇಟಿಗಿಂತ ಹಗುರ. ಬೆಲೆ ಕೆಲವು ನೂರು ಡಾಲರ್. ಕಳೆದುಕೊಳ್ಳುವುದೂ ಇದೆ. ಬೆಡ್ ಮೇಲೆ ಮುಚ್ಚಳ ಹಾಕಿಸಿದ್ದರೆ ಅದರ ರಬ್ಬರ್ ಅಂಚು ಕೂರುವುದು ಕಂಪನಿ ಗೇಟಿನ ಮೇಲೆ. ವಿ ಗೇಟ್ ಹಾಕಿದರೆ ಧೂಳು, ಮಳೆ, ಕಳ್ಳರು ಮೂವರಿಗೂ ದಾರಿ. ಕಂಪನಿ ಗೇಟ್ ಇಳಿಸಿ ಅದರ ಮೇಲೆ ಕೂತು ಕಾಫಿ ಕುಡಿಯಬಹುದು, ಬೈಕ್ ಹತ್ತಿಸಬಹುದು, ಮರದ ಹಲಗೆ ಕುಯ್ಯಬಹುದು. ಲೂವರ್ ಗೇಟ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಗೇಟಿನ ಬದಲು ಕಟ್ಟುವ ನೈಲಾನ್ ಬಲೆಯಂತೂ ಸುಮ್ನೆ ಹೆಸರಿಗೆ ಗೇಟ್. ಹಿಚ್ ಇಳಿಸಿ ಸಾಮಾನು ಹೇರಿದರೆ ಭಾರದ ವಸ್ತುಗಳನ್ನು ಪಟ್ಟಿ ಬಿಗಿದೇ ಒಯ್ಯಬೇಕು.

ಕ್ಯಾಮೆರಾ ಬಗ್ಗೆ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ 10,000 ಪೌಂಡ್ ಒಳಗಿನ ಎಲ್ಲ ಹೊಸ ಗಾಡಿಗಳಿಗೂ ಹಿಂದಿನ ಕ್ಯಾಮೆರಾ ಕಡ್ಡಾಯ. ಪಿಕಪ್ಪಿನಲ್ಲಿ ಅದು ಹೆಚ್ಚಾಗಿ ಗೇಟಿನ ಹಿಡಿಯಲ್ಲೇ ಇರುತ್ತದೆ. ಗೇಟ್ ತೆಗೆದರೆ ಕ್ಯಾಮೆರಾನೂ ಹೋಯಿತು. ಅದನ್ನು ಹೊಸ ಗೇಟಿಗೋ ಬಂಪರ್ ಹತ್ತಿರಕ್ಕೋ ಸಾಗಿಸುವ ಕಿಟ್ ಸಿಗುತ್ತದೆ, ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಫಿಫ್ತ್ ವ್ಹೀಲ್ ಕಟ್ಟುವುದಕ್ಕೆ ಹೆಚ್ಚು ಕೆಲಸಕ್ಕೆ ಬರುವುದು ಕ್ಯಾಬಿನ್ ನೆತ್ತಿಯಿಂದ ಬೆಡ್ ಒಳಗೆ ನೋಡುವ ಇನ್ನೊಂದು ಕ್ಯಾಮೆರಾ. ಅದಿದ್ದರೆ ಹಿಚ್, ಪಿನ್ ಎರಡೂ ಮೇಲಿನಿಂದ ಕಾಣುತ್ತವೆ, ಗೇಟ್ ಯಾವುದಾದರೂ ಇರಲಿ.

ಈಚಿನ ಬಹುವಿಧ ಗೇಟುಗಳ ಬಗ್ಗೆಯೂ ಕೇಳುವವರಿದ್ದಾರೆ. 2019ರ ಜಿಎಂಸಿ ಸಿಯೆರಾ ಜೊತೆ ಬಂದ ಮಲ್ಟಿಪ್ರೋ ಗೇಟಿನಲ್ಲಿ ದೊಡ್ಡ ಗೇಟಿನೊಳಗೆ ಇನ್ನೊಂದು ಚಿಕ್ಕ ಗೇಟ್. ಬಂಪರ್ ಕೆಳಗೆ ಬಾಲ್ ಮೌಂಟ್ (ಮಾಮೂಲಿ ಟ್ರೇಲರ್ ಎಳೆಯುವ ಗುಂಡು ಇರುವ ಕೊಂಡಿ) ಬಿಟ್ಟು ಒಳಗಿನ ಗೇಟ್ ಇಳಿಸಿದರೆ ಅದು ನೇರ ಬಾಲ್ ಮೇಲೆ ಬಡಿಯಬಹುದು. ಫಿಫ್ತ್ ವ್ಹೀಲ್‌ನವರಿಗೆ ಬಾಲ್ ಬೇಕಿಲ್ಲ, ಅದನ್ನು ಮೊದಲು ಕಳಚಿಡಿ. ಒಳಗಿನ ಗೇಟ್ ಇಳಿಸಿದಾಗ ಕಾಣುವ ಕಿಂಡಿಯಲ್ಲಿ ಪಿನ್ ತೂರಿಸುವ ಸಾಹಸವೂ ಬೇಡ, ದೊಡ್ಡ ಗೇಟನ್ನೇ ಇಳಿಸಿ. ರ‍್ಯಾಮ್ 1500ರಲ್ಲಿ ಗೇಟ್ 60:40 ಆಗಿ ಸೀಳಿ ಪಕ್ಕಕ್ಕೆ ತೆರೆಯುತ್ತದೆ. 2024ರ ಫೋರ್ಡ್ ಎಫ್-150ರಲ್ಲಿ ಗೇಟಿನ ನಡುವೆ ಪುಟ್ಟ ಬಾಗಿಲು. ಚೆಂದವೇ. ಆದರೆ ಇವೆರಡೂ ಅರ್ಧ ಟನ್ ಅನ್ನುವ ಹಗುರ ವರ್ಗದವು, ಅಲ್ಲಿ ಗೇಟಿಗಿಂತ ಮೊದಲು ತೂಕ ಹೊರುತ್ತದೆಯೇ ಅಂತ ಕೇಳಬೇಕು. ಫಿಫ್ತ್ ವ್ಹೀಲ್ ತನ್ನ ತೂಕದ ಸುಮಾರು ಐದನೇ ಒಂದು ಪಾಲನ್ನು ಪಿನ್ ಮೇಲೆ ಹೇರುತ್ತದೆ. 12,000 ಪೌಂಡಿನ ಟ್ರೇಲರ್ ಅಂದರೆ 2,400 ಪೌಂಡ್ ನೇರ ಬೆಡ್ ಮೇಲೆ. ಹಿಚ್ಚಿನ ತೂಕ, ಮನೆಮಂದಿಯ ತೂಕ ಬೇರೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಪೇಲೋಡ್, ಅಂದರೆ ಗಾಡಿ ಹೊರಬಹುದಾದ ತೂಕ, ಬರೆದಿರುತ್ತದೆ. ಡೀಸೆಲ್ ಎಂಜಿನ್ನೇ ಭಾರವಾದ್ದರಿಂದ ನಿಮ್ಮ 2500ರಲ್ಲೂ ಅದು ಸಾಲದೆ ಬರಬಹುದು, ಒಮ್ಮೆ ನೋಡಿಬಿಡಿ.

ಮಾಮೂಲಿ ಗೇಟೇ ಇರಲಿ ಅಂದುಕೊಂಡರೆ ಕೆಲಸದ ಕ್ರಮ ಹೀಗಿರಲಿ. ಗೇಟ್ ಇಳಿಸಿ ರಿವರ್ಸ್ ಬನ್ನಿ. ಕಚ್ಚಿತು ಅನಿಸಿದ ಮೇಲೆ ಇಳಿದು, ಟಾರ್ಚ್ ಹಾಕಿ ದವಡೆ ಪಿನ್ನಿನ ಸುತ್ತ ಪೂರ್ತಿ ಮುಚ್ಚಿದೆಯಾ ಅಂತ ನೋಡಿ. ಗೇಟ್ ಇಳಿದಿರುವಾಗ ಬಗ್ಗಿ ನೋಡುವುದು ಸುಲಭ, ವಿ ಗೇಟಿನಲ್ಲಿ ಪಕ್ಕದಿಂದ ಹತ್ತಿ ನೋಡಬೇಕು. ಪಿನ್ ಕೆಲವೊಮ್ಮೆ ದವಡೆಯೊಳಗೆ ಇಳಿಯದೆ ಅದರ ಮೇಲೆ ಕೂತಿರುತ್ತದೆ, ನೋಡಿದರೆ ಕಟ್ಟಿದಂತೆಯೇ ಕಾಣುತ್ತದೆ. ಆದ್ದರಿಂದ ಟ್ರೇಲರ್ ಕಾಲು ನೆಲದ ಮೇಲಿರುವಾಗಲೇ, ಗೇಟ್ ಏರಿಸುವ ಮೊದಲೇ, ವೈರು ಚುಚ್ಚಿ, ಕ್ಯಾಬಿನ್ ಒಳಗಿನ ಟ್ರೇಲರ್ ಬ್ರೇಕ್ ಕೈಯಲ್ಲಿ ಒತ್ತಿ ಹಿಡಿದು ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ಕಚ್ಚಿಲ್ಲದಿದ್ದರೆ ಪಿನ್ ಜಾರಿ ಹೊರಬರುತ್ತದೆ, ಕಾಲಿರುವುದರಿಂದ ಟ್ರೇಲರ್ ಬೆಡ್ ಮೇಲೆ ಬೀಳುವುದಿಲ್ಲ, ಗೇಟ್ ಇಳಿದಿರುವುದರಿಂದ ಅದಕ್ಕೂ ಪೆಟ್ಟಿಲ್ಲ. ಆಮೇಲೆ ಗೇಟ್ ಏರಿಸಿ. ವೈರು ಚುಚ್ಚುವ ಏಳು ಪಿನ್ನಿನ ಸಾಕೆಟ್ ಬೆಡ್ ಒಳಗೇ ಇದ್ದರೆ ಒಳ್ಳೆಯದು. ಬಂಪರ್‌ನಲ್ಲಿ ಮಾತ್ರ ಇದ್ದರೆ ವೈರು ಗೇಟ್ ಮೇಲಿಂದ ಹಾದು ಸಂದಿನಲ್ಲಿ ಸಿಕ್ಕಿ ಜಜ್ಜಿಹೋಗುತ್ತದೆ. ಟ್ರೇಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕಿಸುವ ತಂತಿಯನ್ನು ಗೇಟಿನ ಹಿಡಿಗೆ ಯಾವತ್ತೂ ಸಿಕ್ಕಿಸಬೇಡಿ, ಬೆಡ್‌ನ ಗಟ್ಟಿ ಕೊಂಡಿಗೆ ಹಾಕಿ. ಬಿಚ್ಚುವಾಗ ಮೊದಲ ಕೆಲಸವೇ ಗೇಟ್ ಇಳಿಸುವುದು, ಹಿಚ್ಚಿನ ಹಿಡಿಗೆ ಕೈ ಹಾಕುವುದು ಆಮೇಲೆ.

ವಿ ಗೇಟೇ ತಗೊಳ್ಳುತ್ತೀರಾದರೆ ಮಾಡೆಲ್ ಜೊತೆ ವರ್ಷವನ್ನೂ ಸರಿಯಾಗಿ ಹೇಳಿ. ಫೋರ್ಡ್ ಸೂಪರ್ ಡ್ಯೂಟಿ 2017ರಲ್ಲಿ ಅಲ್ಯೂಮಿನಿಯಂ ಬಾಡಿಗೆ ಬದಲಾಯಿತು, 2016ರ ಗೇಟ್ ಅದಕ್ಕೆ ಕೂರುವುದಿಲ್ಲ. ಹಳೇ ಗೇಟ್ ಕಳಚಲು ಇಬ್ಬರು ಬೇಕು. ಮೊದಲು ಕ್ಯಾಮೆರಾ, ಲಾಕಿನ ಕನೆಕ್ಟರ್ ಬಿಡಿಸಿ, ಆಮೇಲೆ ಪಕ್ಕದ ತಂತಿಗಳು, ಆಮೇಲೆ ಗೇಟನ್ನು ಅರ್ಧ ಎತ್ತಿ ಒಂದು ಬದಿಯಿಂದ ಜಾರಿಸಿ. ಬೆಡ್ ಕಡೆ ಉಳಿಯುವ ಕನೆಕ್ಟರ್‌ಗೆ ಮುಚ್ಚಳ ಹಾಕಿ, ನೀರು ಹೋದರೆ ಪಿನ್ನುಗಳು ಹಸಿರುಗಟ್ಟುತ್ತವೆ. ತೆಗೆದ ಗೇಟನ್ನು ಮಾರಬೇಡಿ. ಹಳೇ ಕಂಬಳಿ ಸುತ್ತಿ ಗ್ಯಾರೇಜಿನ ಗೋಡೆಗೆ ಒರಗಿಸಿಡಿ, ಗಾಡಿ ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.