ಪದ ಪರಿಚಯ: ದೇವರ ಕರೆ

ಮೆಜೆಸ್ಟಿಕ್‌ನಲ್ಲಿ ರಾತ್ರಿ ಧರ್ಮಸ್ಥಳದ ಬಸ್ಸು ಹತ್ತುವವರನ್ನು ಮಾತಾಡಿಸಿದರೆ, ‘ಸ್ವಾಮಿ ಕರೆಸಿಕೊಂಡ, ಹೊರಟಿದ್ದೀವಿ’ ಅನ್ನುತ್ತಾರೆ. ಹೋಗಬೇಕೆಂಬ ಆಸೆ ಮೊದಲೇ ಇರುತ್ತದೆ, ಹಾಗಾಗಿ ಕರೆ ಬಂದರೆ ಖುಷಿ. ಬೆಂಗಳೂರಿನ ಕನ್ನಡ ಚರ್ಚುಗಳಲ್ಲಿ ‘ದೇವರ ಕರೆ’ ಅಂದರೆ ಸ್ವಲ್ಪ ಬೇರೆ. ದೇವರು ಒಬ್ಬರಿಗೆ ಒಂದು ಕೆಲಸ ವಹಿಸುವುದು ಕರೆ. ಆ ಕೆಲಸ ಅವರಿಗೆ ಇಷ್ಟವಾಗಲೇಬೇಕು ಅಂತೇನಿಲ್ಲ. ಬೈಬಲಿನ ಪ್ರವಾದಿಗಳನ್ನೇ ನೋಡಿ. ಮೋಶೆ ‘ನನಗೆ ಮಾತು ಬರೋಲ್ಲ’ ಅಂದ. ಯೆರೆಮೀಯ ‘ನಾನಿನ್ನೂ ಹುಡುಗ’ ಅಂದ. ಯೋನ ಏನೂ ಹೇಳದೆ ಓಡಿಹೋದ.

ಬೈಬಲಿನಲ್ಲಿ ಯೋನನ ಪುಸ್ತಕ ಇರುವುದು ನಾಲ್ಕೇ ಅಧ್ಯಾಯ. ನಿನೆವೆಗೆ ಹೋಗಿ ಎಚ್ಚರಿಕೆ ಕೊಡು ಎಂದು ದೇವರು ಹೇಳಿದರೆ, ಯೋನ ಯೊಪ್ಪ ಬಂದರಿಗೆ ಹೋಗಿ, ಟಿಕೆಟ್ ದುಡ್ಡು ಕೊಟ್ಟು, ತಾರ್ಷೀಷಿಗೆ ಹೊರಟಿದ್ದ ಹಡಗು ಹತ್ತಿದ. ನಿನೆವೆ ಪೂರ್ವಕ್ಕೆ, ಈಗಿನ ಇರಾಕಿನ ಮೊಸುಲ್ ಹತ್ತಿರ. ಹಡಗು ಹೊರಟಿದ್ದು ಪಶ್ಚಿಮಕ್ಕೆ. ಬಿರುಗಾಳಿ, ದೊಡ್ಡ ಮೀನು, ಅದರ ಹೊಟ್ಟೆಯಲ್ಲಿ ಮೂರು ದಿನ, ಇದೆಲ್ಲ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ.

ಯೋನ ಹೆದರಿ ಓಡಿದ ಎಂದು ಸುಮಾರು ಜನ ಹೇಳುತ್ತಾರೆ. ಪುಸ್ತಕ ಹಾಗೆ ಹೇಳುವುದಿಲ್ಲ. ನಿನೆವೆ ಅಶ್ಶೂರ್ಯರ ಊರು. ಕ್ರಿ.ಪೂ. 722ರ ಸುಮಾರಿಗೆ ಇಸ್ರಾಯೇಲಿನ ಉತ್ತರ ರಾಜ್ಯವನ್ನು ಹಾಳುಮಾಡಿ, ಜನರನ್ನು ಸೆರೆಹಿಡಿದು ಸಾಗಿಸಿದ್ದು ಇದೇ ಅಶ್ಶೂರ್ಯರು. ಈ ಕಥೆ ಕೇಳುತ್ತಿದ್ದ ಯೆಹೂದ್ಯರಿಗೆ ಆ ಹೆಸರೇ ಸಾಕು, ಹೊಟ್ಟೆ ಉರಿಯುತ್ತಿತ್ತು. ಓಡಿಹೋದದ್ದೇಕೆ ಎಂದು ನಾಲ್ಕನೇ ಅಧ್ಯಾಯದಲ್ಲಿ ಯೋನನೇ ದೇವರಿಗೆ ಹೇಳುತ್ತಾನೆ: ನೀನು ಕರುಣೆಯುಳ್ಳವನು, ಕೊನೆಗೆ ಅವರನ್ನು ಶಿಕ್ಷಿಸದೆ ಬಿಟ್ಟುಬಿಡ್ತೀಯ ಅಂತ ನನಗೆ ಮೊದಲೇ ಗೊತ್ತಿತ್ತು! ಕರೆಯ ಅರ್ಥ ತಿಳಿಯಲು ಈ ಮಾತಿಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ದೇವರ ಕರುಣೆ ತನಗೆ ಬೇಕು, ಶತ್ರುವಿಗೆ ಸಿಗಬಾರದು. ಮೀನಿನ ಹೊಟ್ಟೆಯಿಂದ ಜೀವಂತ ಹೊರಬಂದವನ ಮಾತು ಇದು, ನೆನಪಿರಲಿ.

ಎರಡನೇ ಸಲ ಕರೆ ಬಂದಾಗ ಯೋನ ಹೋದ. ಆದರೆ ಮನಸ್ಸಿಲ್ಲದ ಕೆಲಸ. ‘ಇನ್ನು ನಲವತ್ತು ದಿನಕ್ಕೆ ನಿನೆವೆ ಹಾಳಾಗುತ್ತದೆ’, ಇಷ್ಟೇ ಸಾರಿದ್ದು. ಹೀಬ್ರೂ ಮೂಲದಲ್ಲಿ ಐದೇ ಪದ. ‘ತಿದ್ದಿಕೊಳ್ಳಿ’ ಎಂಬ ಮಾತೂ ಅದರಲ್ಲಿಲ್ಲ. ಆದರೂ ಅರಸನೇ ಸಿಂಹಾಸನದಿಂದ ಇಳಿದು, ಪಶ್ಚಾತ್ತಾಪದ ಗುರುತಾಗಿ ಬೂದಿಯಲ್ಲಿ ಕೂತ. ಊರೆಲ್ಲ ಉಪವಾಸ ಮಾಡಿತು. ದನಕುರಿಗಳಿಗೂ ಗೋಣಿತಟ್ಟು ಹೊದಿಸಬೇಕೆಂದು ಅಪ್ಪಣೆಯಾಯಿತು. ಊರು ಉಳಿಯಿತು, ಯೋನನಿಗೆ ಸಿಟ್ಟು ಬಂತು.

ಊರ ಹೊರಗೆ ಗುಡಿಸಲು ಹಾಕಿಕೊಂಡು, ಏನಾಗುತ್ತದೋ ನೋಡೋಣ ಎಂದು ಕೂತ. ದೇವರು ಒಂದು ಗಿಡ ಬೆಳೆಸಿ ಅವನ ತಲೆಗೆ ನೆರಳು ಕೊಟ್ಟ. ಯೋನನಿಗೆ ತುಂಬಾ ಸಂತೋಷ. ಮರುದಿನ ಬೆಳಗಾಗುವಷ್ಟರಲ್ಲಿ ಹುಳ ಹೊಡೆದು ಗಿಡ ಒಣಗಿತು. ಮೂಡಣ ಬಿಸಿಗಾಳಿ ಬೀಸಿತು, ಬಿಸಿಲು ನೆತ್ತಿ ಸುಟ್ಟಿತು. ‘ಸತ್ತರೇ ವಾಸಿ’ ಅಂದ ಯೋನ. ಆಗ ದೇವರು ಕೇಳುತ್ತಾನೆ: ನೀನು ನೆಡದ, ಬೆಳೆಸದ ಒಂದು ಗಿಡಕ್ಕಾಗಿ ಇಷ್ಟು ಮರುಗುತ್ತೀಯ. ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನಕರು ಇರುವ ಊರಿಗಾಗಿ ನಾನು ಮರುಗಬಾರದೇ? ಯೋನ ಏನು ಉತ್ತರ ಕೊಟ್ಟನೆಂದು ಪುಸ್ತಕ ಹೇಳುವುದಿಲ್ಲ.

ಹಾಗಾಗಿ ‘ಕರೆಗೆ ಓಗೊಟ್ಟ’ ಅಂದರೆ ಹೋಗಿ ಕೆಲಸ ಮುಗಿಸಿ ಬಂದ ಎಂದಷ್ಟೇ ಅರ್ಥ ಮಾಡಿಕೊಂಡರೆ ಸಾಲದು, ಅಲ್ವಾ? ಯೋನನ ಕಾಲು ನಿನೆವೆ ಮುಟ್ಟಿತ್ತು. ದೇವರು ಅವನ ಹತ್ತಿರ ಮಾತಾಡುತ್ತಲೇ ಇದ್ದದ್ದು ಮನಸ್ಸೂ ಅಲ್ಲಿಗೆ ತಲುಪಲಿ ಎಂದು.

ಯೆಹೂದ್ಯರು ಪಾಪಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನ ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಈ ಪುಸ್ತಕ ಓದುತ್ತಾರೆ. ಮುಸ್ಲಿಮರಿಗೆ ಯೋನ ಅಂದರೆ ಹಜರತ್ ಯೂನುಸ್, ಕುರಾನಿನ 10ನೇ ಅಧ್ಯಾಯಕ್ಕೆ ಅವರದೇ ಹೆಸರು. ಬೆಂಗಳೂರಿನ ಮಲಯಾಳಿ ಸಿರಿಯನ್ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಕಾಲಕ್ಕೆ ಕೆಲವು ವಾರ ಮೊದಲು ‘ಮೂನ್ನು ನೋಂಬು’ ಎಂಬ ಮೂರು ದಿನದ ಉಪವಾಸ ಮಾಡುತ್ತಾರೆ. ಅದು ನಿನೆವೆಯ ಜನ ಮಾಡಿದ ಉಪವಾಸದ ನೆನಪಿಗೆ.