ಹೊಳೆಯಬೇಕಾದ ಭಾಗಗಳೇ ಕಪ್ಪು: ಯುದ್ಧಕಾಲದ ಹೊಲಿಗೆ ಮಷೀನೋ, ಆಮೇಲೆ ಬಳಿದ ಬಣ್ಣವೋ?

ಪ್ರಶ್ನೆ: ಹಳೆಯ ಸಿಂಗರ್ ಮಷೀನೊಂದು ಸಿಕ್ಕಿದೆ. ಮೈತುಂಬ ಹೊಳಪಿಲ್ಲದ, ಸುಕ್ಕುಸುಕ್ಕಾದ ಕಪ್ಪು ಬಣ್ಣ. ಬಟ್ಟೆ ಒತ್ತಿಹಿಡಿಯುವ ಪ್ರೆಸರ್ ಫೂಟ್, ಸಣ್ಣಪುಟ್ಟ ಲಿವರುಗಳೂ ಕಪ್ಪು. ಇದು ಯುದ್ಧಕಾಲದ್ದು ಎನ್ನುತ್ತಾರೆ. ನಂಬಬಹುದೇ? ಶುಚಿ ಮಾಡುವುದು ಹೇಗೆ?

ಉತ್ತರ: ಸುಕ್ಕು ಬಣ್ಣವೇ ಬೇರೆ, ಕಪ್ಪು ಬಿಡಿಭಾಗಗಳೇ ಬೇರೆ. ಮಾರುವವರು ಎರಡನ್ನೂ ಸೇರಿಸಿ 'ಯುದ್ಧಕಾಲದ್ದು' ಎಂದುಬಿಡುತ್ತಾರೆ.

ಕಪ್ಪು ಬಿಡಿಭಾಗಗಳಿಗೆ ಯುದ್ಧವೇ ಕಾರಣವೆನ್ನಲು ಆಧಾರವಿದೆ. ಎರಡನೆಯ ಮಹಾಯುದ್ಧದಲ್ಲಿ ನಿಕಲ್, ಕ್ರೋಮಿಯಂ ಶಸ್ತ್ರಾಸ್ತ್ರಗಳಿಗೆ ಹೋದವು, ಲೇಪನಕ್ಕೆ ಸಿಗಲಿಲ್ಲ. ಹಾಗಾಗಿ ಉಕ್ಕಿನ ಭಾಗಗಳ ಮೇಲ್ಮೈಯನ್ನು ರಾಸಾಯನಿಕವಾಗಿ ಕಪ್ಪಾಗಿಸಿದರು. ಸಂಗ್ರಾಹಕರು 'ಬ್ಲ್ಯಾಕ್‌ಸೈಡ್' ಎನ್ನುವ, ಸಿಂಗರ್‌ನ ಸಣ್ಣ ಹಗುರ ಮಾದರಿ ಫೆದರ್‌ವೇಟ್ 221 ಈ ಬಗೆಯದು. 1942ರಲ್ಲಿ ಅಮೆರಿಕ ಸರ್ಕಾರ ಮನೆಬಳಕೆಯ ಹೊಲಿಗೆ ಮಷೀನುಗಳ ತಯಾರಿಯನ್ನೇ ನಿಲ್ಲಿಸಿತು. ಸುಕ್ಕು ಬಣ್ಣ ಮಾತ್ರ ಯುದ್ಧಕ್ಕೂ ಮೊದಲೇ ಟೈಪ್‌ರೈಟರ್, ರೇಡಿಯೊಗಳ ಮೇಲಿತ್ತು. ಮೇಲ್ಪದರ ಬೇಗ ಒಣಗಿ, ಒಳಪದರ ಇನ್ನೂ ಹಸಿಯಿರುವುದರಿಂದ ಸುಕ್ಕು ಮೂಡುತ್ತದೆ. ಎರಕದ ಒರಟುತನವನ್ನು ಅದು ಮುಚ್ಚುವುದರಿಂದ ಉಜ್ಜಿ ನಯಗೊಳಿಸುವ ಕೆಲಸ ತಪ್ಪುತ್ತದೆ. ಆದ್ದರಿಂದ ಬರೀ ಸುಕ್ಕು ನೋಡಿ ಹೆಚ್ಚು ಹಣ ಕೊಡಬೇಡಿ.

ಅಸಲಿಯೋ ಅಲ್ಲವೋ ಎಂದು ತಿಳಿಯಲು ಮೊದಲು ಫೇಸ್ ಪ್ಲೇಟ್ (ಸೂಜಿಯ ಬದಿಯ ತುದಿಯನ್ನು ಮುಚ್ಚುವ ತಗಡು) ಬಿಚ್ಚಿ ನೋಡಿ. ಕಾರ್ಖಾನೆಯಲ್ಲಿ ಬಣ್ಣ ಹಚ್ಚಿದ ಮೇಲೆ ಬಿಡಿಭಾಗ ಜೋಡಿಸುತ್ತಿದ್ದರು. ಹಾಗಾಗಿ ಸ್ಕ್ರೂ ತಲೆಯ ಗೆರೆಯಲ್ಲಿ, ಎಣ್ಣೆ ಬಿಡುವ ರಂಧ್ರದ ಅಂಚಿನಲ್ಲಿ ಬಣ್ಣ ಕೂತಿದ್ದರೆ ಅದು ಆಮೇಲೆ ಬಳಿದದ್ದು. ಕ್ರಮಸಂಖ್ಯೆಯ ಅಂಕಿಗಳ ಒಳಗೆ ಬಣ್ಣ ತುಂಬಿ ಮಸುಕಾಗಿದ್ದರೂ ಅನುಮಾನಿಸಿ. ಸಣ್ಣದೊಂದು ಕಪ್ಪು ಭಾಗವನ್ನು ಬಿಚ್ಚಿ ತೆಗೆದು, ಕಾಣದ ಬದಿಗೆ ಅಸಿಟೋನ್ ಅದ್ದಿದ ಹತ್ತಿ ಕಡ್ಡಿ ತಿಕ್ಕಿ. ಬಣ್ಣವಾದರೆ ಸಾಮಾನ್ಯವಾಗಿ ಹತ್ತಿಗೆ ಅಂಟುತ್ತದೆ, ರಾಸಾಯನಿಕ ಕಪ್ಪಾದರೆ ಏನೂ ಆಗದು. ಅಸಿಟೋನಿನ ಬಾಟಲಿಯನ್ನು ಮಷೀನಿನಿಂದ ದೂರವೇ ಇಡಿ.

ಕ್ರಮಸಂಖ್ಯೆ ಒಂದೇ ತೀರ್ಪು ಹೇಳದು. ಉದಾಹರಣೆಗೆ 'ಎಜಿ' (AG) ಅಕ್ಷರಗಳಿಂದ ಶುರುವಾಗುವ ಸಂಖ್ಯೆಗಳು 1941ರಿಂದ ಯುದ್ಧ ಮುಗಿದ ಮೇಲಿನವರೆಗೂ ಹರಡಿವೆ. ಸಿಂಗರ್ ಕ್ರಮಸಂಖ್ಯೆಗಳ ಪಟ್ಟಿಯಲ್ಲಿ ಸಿಗುವ ದಿನಾಂಕ ಆ ಸಂಖ್ಯೆಗಳ ಕಂತನ್ನು ಹಂಚಿದ ದಿನ. ಮಷೀನು ತಯಾರಾದದ್ದು ಆಮೇಲೆ ಯಾವಾಗ ಬೇಕಾದರೂ ಇರಬಹುದು.

ಇನ್ನು ಶುಚಿ ಮಾಡುವ ಮಾತು. ಹೆಚ್ಚಿನ ಮಷೀನುಗಳು ಹಾಳಾಗುವುದೇ ಇಲ್ಲಿ. ಕಪ್ಪಾಗಿಸಿದ ಭಾಗದಲ್ಲಿ ತುಕ್ಕು ಕಂಡರೆ ವಿನೆಗರ್, ಸಿಟ್ರಿಕ್ ಆಮ್ಲ, ತುಕ್ಕು ತೆಗೆಯುವ ದ್ರವ ಯಾವುದೂ ಬೇಡ. ಆ ಕಪ್ಪು ಪದರವೂ ಕಬ್ಬಿಣದ ಆಕ್ಸೈಡೇ. ಆಮ್ಲ ತುಕ್ಕಿನ ಜೊತೆ ಅದನ್ನೂ ಕರಗಿಸಿ, ಬೂದು ಲೋಹ ಬಿಟ್ಟುಹೋಗುತ್ತದೆ. ಮೆಟಲ್ ಪಾಲಿಶ್, ಉಕ್ಕಿನ ನಾರು ಕೂಡ ಹಾಗೆಯೇ. ಭಾಗವನ್ನು 24 ಗಂಟೆ ಹೊಲಿಗೆ ಮಷೀನಿನ ಎಣ್ಣೆಯಲ್ಲಿ ಮುಳುಗಿಸಿ, ಹತ್ತಿ ಬಟ್ಟೆಯಿಂದ ಒರೆಸಿ. ತುಕ್ಕು ಉಳಿದರೆ ಇನ್ನೊಮ್ಮೆ ನೆನೆಸಿ. ಆ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ತುಕ್ಕು ತಡೆಯುವುದು ಎಣ್ಣೆಯೇ. ಕೆಲಸ ಮುಗಿದ ಮೇಲೆ ತೆಳುವಾಗಿ ಎಣ್ಣೆ ಸವರಿಡಿ.

ಸುಕ್ಕು ಬಣ್ಣದ ಗೆರೆಗಳಲ್ಲಿ ಹಳೆ ಎಣ್ಣೆ ಮತ್ತು ಧೂಳು ಸೇರಿ ಗಟ್ಟಿಯಾಗಿರುತ್ತದೆ. ಮೃದುವಾದ ಹಲ್ಲುಜ್ಜುವ ಬ್ರಷ್‌ಗೆ ಎರಡು ಹನಿ ಮಷೀನಿನ ಎಣ್ಣೆ ಹಾಕಿ, ಅಂಗೈಯಗಲದ ಜಾಗವನ್ನು ಸುತ್ತುಸುತ್ತಾಗಿ ತಿಕ್ಕಿ, ಒರೆಸಿ, ಮುಂದಿನ ಜಾಗಕ್ಕೆ ಹೋಗಿ. ಮೇಣದ ಪಾಲಿಶ್ ಹಚ್ಚಿದರೆ ಗೆರೆಗಳಲ್ಲಿ ಬಿಳಿಯಾಗಿ ಕೂರುತ್ತದೆ, ಆಮೇಲೆ ತೆಗೆಯುವುದು ದೊಡ್ಡ ರಗಳೆ. ಸಿಂಗರ್ ಅಕ್ಷರಗಳ ಮೇಲೆ ಬ್ರಷ್ ಆಡಿಸಬೇಡಿ. ಸ್ಪಿರಿಟ್, ಅಮೋನಿಯಾ ಇರುವ ಕ್ಲೀನರ್ ಮಷೀನಿನ ಮೈಗೆ ತಾಕಿಸಲೇಬೇಡಿ.

ಮೋಟಾರ್ ಇರುವ ಮಷೀನಾದರೆ ಪ್ಲಗ್ ಹಾಕುವ ಮೊದಲು ವಯರನ್ನು ನಿಧಾನವಾಗಿ ಬಗ್ಗಿಸಿ ನೋಡಿ. ರಬ್ಬರ್ ಹೊದಿಕೆ ಬಿರಿದರೆ ಅಥವಾ ಪುಡಿಯಾಗಿ ಉದುರಿದರೆ ವಯರ್ ಬದಲಾಯಿಸುವವರೆಗೆ ಕರೆಂಟ್ ಕೊಡಬೇಡಿ.